ಅಸಲಿಗೆ ಬರಲಿ, ಮಾರೋಣ

ಮಹಾಯುದ್ಧ ಮುಗಿದ ಸುದ್ದಿ ಮಧುಗಿರಿಗೆ ಬಂದ ದಿನ ಪೇಟೆಯವರು ರೇಷನ್ನಿನ ಸಕ್ಕರೆಯನ್ನೇ ಬೀದಿಯಲ್ಲಿ ಹಂಚಿದರು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಯುದ್ಧದ ಮೇಲೆ ಅವರಿಗೆ ಪ್ರೀತಿಯೇನೂ ಇರಲಿಲ್ಲ. ಒಳಮನೆಯಲ್ಲಿ ಸೂರಿನವರೆಗೆ ಕಂಬಳಿ ಪೇರಿಸಿತ್ತು, ಅಷ್ಟೆ.

ಅಪ್ಪನದು ಕೋಟೆ ಕೆಳಗಿನ ಬೀದಿಯಲ್ಲಿ ಸಣ್ಣ ಜವಳಿ ಅಂಗಡಿ. ಯುದ್ಧದ ನಡುವೆ ಎಲ್ಲಿಂದಲೋ ಒಂದು ಮಾತು ಹುಟ್ಟಿತು: ದಂಡಿನವರಿಗೆ ಕಂಬಳಿ ಬೇಕಂತೆ, ಎಷ್ಟಾದರೂ ಕೊಳ್ಳುತ್ತಾರಂತೆ. ಸಿರಾ ಕಡೆ ಕುರುಬರ ಹಟ್ಟಿಗಳಲ್ಲಿ ನೇಯ್ದ ಕಂಬಳಿಗೆ ಮೊದಲಿನಿಂದಲೂ ಹೆಸರಿತ್ತು. ಸರಿ, ಬೆಲ್ಲದ ಮಂಡಿಯವರು, ಎಣ್ಣೆ ಗಾಣದವರು, ಉಣ್ಣೆಗೂ ಹತ್ತಿಗೂ ವ್ಯತ್ಯಾಸ ಗೊತ್ತಿಲ್ಲದವರೆಲ್ಲ ಕಂಬಳಿ ಕೊಳ್ಳಲು ನಿಂತರು. ಅಪ್ಪ ಅವರನ್ನು ನೋಡಿ ಚೆನ್ನಾಗಿ ನಕ್ಕರು. ಬೆಲೆ ಏರಿತು, ಆಗಲೂ ನಕ್ಕರು. ಇನ್ನೂ ಏರಿತು, ಗಾಣದವರು ಮನೆಗೆ ಮಂಗಳೂರು ಹೆಂಚು ಹೊದಿಸಿದರು. ಅಂದಿನಿಂದ ಅಪ್ಪನ ನಗು ನಿಂತಿತು. ಅಗ್ಗವಾಗಿದ್ದಾಗ ಬೇಡವಾದ ಕಂಬಳಿ ಕೈಗೆಟುಕದಂತಾದ ಮೇಲೆ ಬೇಕೇಬೇಕಾಯಿತು. ಮಗಳಾದ ನನ್ನನ್ನು ತುಮಕೂರಿನ ಹೈಸ್ಕೂಲಿಗೆ ಕಳಿಸಲೆಂದು ಎತ್ತಿಟ್ಟಿದ್ದ ಹಣವನ್ನೂ ತೆಗೆದುಕೊಂಡು ಗಾಡಿ ಕಟ್ಟಿಸಿ ಹೊರಟರು. ದುಡ್ಡು ಎರಡರಷ್ಟಾಗಿ ಬರುತ್ತದೆ, ನಿನ್ನನ್ನು ಕಾಲೇಜಿಗೂ ಸೇರಿಸುತ್ತೇನೆ ಎಂದು ನನಗೆ ಹೇಳಿದರು. ನಾನು ನಂಬಿದೆ. ಆ ವಯಸ್ಸಿನಲ್ಲಿ ಅಪ್ಪನನ್ನಲ್ಲದೆ ಇನ್ಯಾರನ್ನು ನಂಬಬೇಕು?

ಹಟ್ಟಿಯಲ್ಲಿ ಅವರು ಇನ್ನೊಂದು ಘನಕಾರ್ಯ ಮಾಡಿ ಬಂದರು. ಕುರುಬರಿಗೆ ಕಂಬಳಿ ಬರೀ ಹೊದಿಕೆಯಲ್ಲ, ದೇವರ ಗದ್ದುಗೆ. ಕರಿಕಂಬಳಿ ಹಾಸಿ, ಭಂಡಾರದ ಅರಿಶಿನ ಇಟ್ಟು, ಅದನ್ನು ಮುಟ್ಟಿ ಆಡಿದ ಮಾತನ್ನು ಮುರಿಯುವಂತಿಲ್ಲ. ಪೇಟೆಯವರು ಒಯ್ದ ಮಾಲನ್ನು ಅಗ್ಗಕ್ಕೆ ಸುರಿದು ನಮ್ಮ ಬೆಲೆ ಕೆಡಿಸುತ್ತಾರೆ ಎಂದು ಅಲ್ಲಿ ಯಾರೋ ಗೊಣಗಿದರಂತೆ. ಅಪ್ಪ ಕೂಡಲೇ ಕಂಬಳಿ ಹಾಸಿಸಿ, ಹಟ್ಟಿಯ ಹಿರಿಯನ ಎದುರು ಅದನ್ನು ಮುಟ್ಟಿ, ಕೊಂಡ ಬೆಲೆಗಿಂತ ಒಂದು ಕಾಸು ಕಮ್ಮಿಗೂ ಮಾರುವುದಿಲ್ಲ ಎಂದು ಆಣೆಯಿಟ್ಟರು. ಹಟ್ಟಿಯ ಕಂಬಳಿಯೆಲ್ಲ ಅವರ ಗಾಡಿಗೇ ಬಂತು. ಮನೆಗೆ ಬಂದು ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು, ಮದುವಣಿಗನ ಮುಖ.

ಅಮ್ಮನ ವ್ಯಾಪಾರದ ರೀತಿಯೇ ಬೇರೆ. ತವರಿನವರು ಕೊಟ್ಟ ಕುರಿಗಳನ್ನು ಅವಳು ಪಾಲಿಗೆ ಬಿಟ್ಟಿದ್ದಳು. ಕುರಿ ನಮ್ಮದು, ಮೇಯಿಸುವುದು ಕುರಿಗಾಹಿಗಳದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಅದನ್ನೂ ಒಂದೇ ಮಂದೆಯಲ್ಲಿ ಬಿಡದೆ ಬಡವನಹಳ್ಳಿಯಲ್ಲಿ ಕೆಲವು, ಐ.ಡಿ.ಹಳ್ಳಿ ಕಡೆ ಕೆಲವು, ಕೊರಟಗೆರೆ ಹತ್ತಿರ ಕೆಲವು ಎಂದು ಹಂಚಿದ್ದಳು. ಒಂದು ಕಡೆ ಮಳೆ ಹೋದರೆ ಇನ್ನೊಂದು ಕಡೆ ಹುಲ್ಲು, ಒಂದು ಮಂದೆಗೆ ರೋಗ ಬಂದರೆ ಇನ್ನೊಂದಾದರೂ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ನಿಮ್ಮಮ್ಮನ ರಾಜ್ಯದಲ್ಲಿ ಮೂರು ಸಂಸ್ಥಾನ ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು. ಅಮ್ಮ ತನ್ನ ಪಾಡಿಗೆ ರೊಟ್ಟಿ ತಟ್ಟುತ್ತಿದ್ದಳು.

ಯುದ್ಧ ನಿಂತಿತು, ಕಂಬಳಿಯ ಬೆಲೆ ಬಿತ್ತು. ಸಿರಾದಿಂದ ವ್ಯಾಪಾರಿ ಸಾಹೇಬರೊಬ್ಬರು ಬಂದು, ಅಪ್ಪ ಕೊಟ್ಟ ಬೆಲೆಗೆ ತುಸು ಕಡಿಮೆ ಹೇಳಿದರು. ಅಪ್ಪ ಕಾಫಿ ಕೊಟ್ಟು ಕಳಿಸಿದರು. ಸಾಹೇಬರು ಮತ್ತೆ ಬಂದಾಗ ಬೆಲೆ ಇನ್ನೂ ಇಳಿದಿತ್ತು. ಮತ್ತೆ ಕಾಫಿ. “ಅಸಲಿಗೆ ಬರಲಿ, ಮಾರೋಣ” ಎನ್ನುವುದು ಅಪ್ಪನ ಜಪವಾಯಿತು. ಯಾವ ಊರಲ್ಲಿ ಜಗಳವಾದರೂ ಇನ್ನೊಂದು ಯುದ್ಧವೇ ಹತ್ತಿಕೊಳ್ಳಬಹುದೇನೋ ಎಂದು ಆಸೆಯಿಂದ ವಿಚಾರಿಸುತ್ತಿದ್ದರು.

ಕಂಬಳಿಗೆ ಕಾಯುವ ತಾಳ್ಮೆ ಇರಲಿಲ್ಲ, ಅದಕ್ಕೆ ನುಸಿ ಹತ್ತಿತು. ನಾನೂ ಅಮ್ಮನೂ ಒಂದೊಂದನ್ನೂ ಬಿಸಿಲಿಗೆ ಹಾಕಿ, ಕೊಡವಿ, ಮಡಿಕೆಗಳ ನಡುವೆ ಬೇವಿನ ಸೊಪ್ಪಿಟ್ಟು ಮತ್ತೆ ಪೇರಿಸುವುದೇ ಕೆಲಸವಾಯಿತು. ಆ ವರ್ಷ ನಮ್ಮ ಮನೆಯ ಅನ್ನದಲ್ಲೂ ಉಣ್ಣೆ ಸಿಗುತ್ತಿತ್ತು. ಅಂಗಡಿಗೆ ಹೊಸ ಸರಕು ತರಲು ಕಾಸಿರಲಿಲ್ಲ. ಉಪ್ಪು ಎಣ್ಣೆಗೆಲ್ಲ ಅಮ್ಮನ ಮೂರು ಸಂಸ್ಥಾನಗಳ ಮರಿಗಳೇ ಗತಿ. ಅಪ್ಪ ಹಾಸ್ಯ ನಿಲ್ಲಿಸಿದರು.

ನಾನು ಮಿಡ್ಲ್ ಸ್ಕೂಲ್ ಪಾಸಾದೆ. ತುಮಕೂರಿಗೆ ಹೋಗುವ ದಿನ ಹತ್ತಿರ ಬಂತು, ಹಣ ಕಂಬಳಿಯೊಳಗೇ ಇತ್ತು. ನಾಲ್ಕು ತಾಯಿಕುರಿ ಮಾರಿದರೆ ಆಯಿತಲ್ಲ ಎಂದು ಅಪ್ಪ ಮೆಲ್ಲಗೆ ಅಮ್ಮನನ್ನು ಕೇಳಿದರು. ಅಮ್ಮ ಆವತ್ತು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ತಾಯಿಕುರಿ ಮಾರುಬುಟ್ರೆ ಬರೋ ವರ್ಷ ಏನು ತಿನ್ನಾದು? ಸತ್ತಿರೋದು ಒಳಗೆ ಬಿದ್ದೈತೆ, ಅದನ್ನ ಮೊದ್ಲು ಆಚೆಗೆ ಹಾಕಿ.”

ಅಪ್ಪ ಆಣೆಯ ಮಾತೆತ್ತಿದರು. ಅಮ್ಮ ನನ್ನ ಕಡೆ ಕೈ ತೋರಿಸಿ, ಇವಳಿಗೆ ಕೊಟ್ಟ ಮಾತು ಮಾತಲ್ಲವಾ ಎಂದಳು. ಅಪ್ಪ ಎದ್ದು ಹೊರಗೆ ಹೋದರು. ನಾನು ಒಳಮನೆಗೆ ಹೋಗಿ, ಕಂಬಳಿ ರಾಶಿಗೆ ಮುಖ ಒತ್ತಿಕೊಂಡು ಅತ್ತೆ. ಅಳುವುದಕ್ಕೂ ಆ ದರಿದ್ರ ಕಂಬಳಿಯೇ ಆಗಬೇಕಿತ್ತು.

ಮಾರನೆಯ ಬೆಳಗ್ಗೆ ಅಪ್ಪ ನನ್ನನ್ನೂ ಕೂರಿಸಿಕೊಂಡು ಹಟ್ಟಿಗೆ ಗಾಡಿ ಹೊಡೆಸಿದರು. ಆಣೆ ಬಿಡಿಸಿಕೊಳ್ಳಬೇಕಾದರೆ ಅದೇ ಕಂಬಳಿಯ ಮೇಲೆ ಎಲೆ ಅಡಿಕೆ ಇಟ್ಟು ತಪ್ಪಾಯಿತು ಎನ್ನಬೇಕು. ಅಪ್ಪ ಯಾರಿಗೂ ತಪ್ಪಾಯಿತು ಎಂದವರಲ್ಲ. ಅಮ್ಮನ ಕಾಲ ಮೇಲೆ ಗಡಿಗೆ ಬೀಳಿಸಿದಾಗಲೂ ಗಡಿಗೆಯನ್ನು ಬೈದವರು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಅಭ್ಯಾಸ ಮಾಡುತ್ತಿದ್ದಾರೆಂದು ಗೊತ್ತಾಗಿ ನಗು ಬಂತು.

ಹಟ್ಟಿಯ ಹಿರಿಯ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದ. ಅಪ್ಪ ತಾವೇ ಕಂಬಳಿ ಹಾಸಿದರು, ಎಲೆ ಅಡಿಕೆ ಇಟ್ಟರು, ರುಮಾಲು ತೆಗೆದು ಮಂಡಿಯೂರಿದರು. “ತಪ್ಪಾಯ್ತು. ಆಡಿದ ಮಾತು ಉಳಿಸ್ಕೊಳಾಕೆ ಆಗ್ಲಿಲ್ಲ. ಮಗೀನ ಓದೈತೆ, ನನ್ನ ಬುಟ್ಬುಡಿ.”

ಹಿರಿಯ ಲಾಳಿ ಕೆಳಗಿಟ್ಟು, ಯಾವ ಮಾತು ಎಂದು ಕೇಳಿದ. ಅಪ್ಪ ಬಿಡಿಸಿ ಹೇಳಿದರು. ಮುದುಕ ಹಣೆ ಉಜ್ಜಿಕೊಂಡು ಯೋಚಿಸಿದ.

“ಅಯ್ಯೋ ಯಜಮಾನ್ರೆ, ಅದು ನಂಗೆ ಗ್ಯಾನಾನೇ ಇಲ್ಲ. ಆಮ್ಯಾಕೆ ನೇಯ್ದಿದ್ದನ್ನ ಯುದ್ಧ ನಿಂತ ವಾರದಾಗೇ ನಾವು ಅರ್ಧ ಬೆಲೆಗೆ ಸಾಹೇಬ್ರಿಗೆ ಕೊಟ್ಕಂಡ್ವಿ. ನೀವು ಯಾರಿಗೋಸ್ಕರ ಇಟ್ಕಂಡಿದ್ರಿ?”

ಅಪ್ಪನಿಗೆ ರುಮಾಲು ಸುತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆ ಬೆಲೆಯನ್ನು ಲೋಕದಲ್ಲಿ ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ.

ಹಿಂದಿರುಗುವಾಗ ನೇರ ಸಾಹೇಬರ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಅವರು ಹೇಳಿದ ಬೆಲೆಗೆ ಒಪ್ಪಿಕೊಂಡರು. ಅದು ಅರ್ಧಕ್ಕಿಂತಲೂ ಕಡಿಮೆ. ಈ ಸಲ ಸಾಹೇಬರೇ ಚಹಾ ಕೊಡಿಸಿದರು. ಬಂದ ಹಣದಲ್ಲಿ ನನ್ನ ಫೀಸು ಹುಟ್ಟಿತು. ಊಟದ ಖರ್ಚನ್ನು ಅಮ್ಮನ ಮರಿಗಳು ಹೊತ್ತುಕೊಂಡವು.

ಇದ್ದಿಲಿನಿಂದ ಓಡುವ ತುಮಕೂರಿನ ಬಸ್ಸು ಹೊರಡುವಾಗ ಅಪ್ಪ ಕಿಟಕಿಯಿಂದ ಒಂದು ಕಂಬಳಿ ತೂರಿಸಿದರು. ನುಸಿ ಮುಟ್ಟದ್ದನ್ನು ಆರಿಸಿ ಇಟ್ಟಿದ್ದರು. ಇದರ ಬೆಲೆ ಎಷ್ಟಪ್ಪ ಎಂದು ನಾನು ಬೇಕೆಂತಲೇ ಕೇಳಿದೆ.

“ಹೊದ್ಕಳಮ್ಮ, ಚಳಿ ಐತೆ” ಎಂದರು. ಬಸ್ಸು ಹೊರಟಿತು.