ನಿಬ್ಬಿಗೆ ಹಚ್ಚಿದ ವಿಭೂತಿ

ಅಕ್ಕನ ಕಣ್ಣಿನ ಆಪರೇಷನ್ ಅಂದು ಹನ್ನೊಂದು ಗಂಟೆಗಿತ್ತು. ಅಷ್ಟರೊಳಗೆ ಶಿವನಾಮ ಬರೆದ ನೋಟುಬುಕ್ಕನ್ನು ಬಾಗೇವಾಡಿಯ ಗುಡಿಯಲ್ಲಿಡುವ ಹರಕೆ ನನ್ನದು. ಅಪ್ಪನ ಹಳೇ ಮಸಿ ಪೆನ್ನಿನಿಂದಲೇ ಬರೆಯುತ್ತೇನೆಂದು ಬೇಡಿಕೊಂಡಿದ್ದೆ. ಸಿಂದಗಿಯಲ್ಲಿ ಬಸ್ಸು ಹತ್ತಿದಾಗ ಉಳಿದದ್ದು ಒಂದೇ ಸಾಲು. ಆಗಲೇ ಪೆನ್ನು ನಿಂತುಬಿಟ್ಟಿತು. ಜಾಡಿಸಿದೆ, ಗೀಚಿದೆ, ಗಡಿಯಾರ ನೋಡಿದೆ, ಮತ್ತೆ ಜಾಡಿಸಿದೆ.

ಪಕ್ಕದಲ್ಲಿ ಬೆಳೆಗೆ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವ ಮಿಸ್ತ್ರಿಯೊಬ್ಬರು ಕೂತಿದ್ದರು. "ಮಸಿ ಐತೇನ್ರಿ ಒಳಗ?"

"ಮುಂಜಾನೆ ತುಂಬೇನ್ರಿ."

"ಹಂಗಾರ ಗಾಳಿ ಹೋಗವಲ್ದು." ನಿಬ್ಬಿನ ಕೆಳಗಿನ ಕರಿ ನಾಲಿಗೆ ತೋರಿಸಿದರು. ಅದರಲ್ಲಿ ಕೂದಲೆಳೆಯಷ್ಟು ಗೀರು. "ಇದರಾಗ ಮಸಿ ಇಳಿತೈತಿ, ಇದರಾಗ ಗಾಳಿ ಏರತೈತಿ. ಗಾಳಿ ಒಳಗ ಹೋಗಲಿಲ್ಲಂದ್ರ ಮಸಿ ಹೊರಗ ಬರಂಗಿಲ್ಲ. ನಮ್ಮ ಪಂಪಿನ ಹಣೇಬಾರಾನೂ ಇದ. ಇಲ್ಲೇನೋ ಬೆಳ್ಳಗ ಕುಂತೈತಲ್ಲ?"

"ವಿಭೂತಿ ರೀ. ಸೋಮವಾರಕ್ಕೊಮ್ಮೆ ಪೂಜಿ ಮಾಡಿ ನಿಬ್ಬಿಗೆ ಹಚ್ತೇನಿ."

"ಅವ್ವಾರ, ನೀವು ಹಣಿಗೆ ಹಚ್ಕೋತೀರಿ. ಮೂಗಿನಾಗ ತುಂಬ್ಕೋತೀರೇನ್ರಿ?"

ನಾಚಿ ಪೆನ್ನನ್ನು ಅವರ ಕೈಗೆ ಕೊಟ್ಟೆ. ಅವರು ನಿಬ್ಬಿನ ಭಾಗವನ್ನು ತಿರುವಿ ಬಿಚ್ಚಿ, ತಮ್ಮ ಬಾಟಲಿಯ ನೀರು ಹೊಯ್ದರು. ಊದಲು ಮಾತ್ರ ನನಗೇ ಕೊಟ್ಟರು. "ದೇವರ ಪೆನ್ನು. ಎಂಜಲಾಗೂದಾದ್ರ ನಿಮ್ದ ಆಗಲಿ."

ಊದಿದೆ. ಬೂದಿಯ ಹರಳೊಂದು ಹಾರಿತು.

ಗುಡಿಯ ಮೆಟ್ಟಿಲ ಮೇಲೆ ಕೂತು ಕೊನೆಯ ಸಾಲು ಬರೆದು, ನೋಟುಬುಕ್ಕನ್ನು ದೇವರ ಮುಂದಿಟ್ಟೆ. ಆಗ ಹತ್ತೂವರೆ. ಶಿವನ ಕೃಪೆ, ಅಕ್ಕ ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ವಿಭೂತಿಯನ್ನು ನಾನೀಗ ಪೆನ್ನಿನ ಟೋಪಿಗೆ ಹಚ್ಚುತ್ತೇನೆ. ನಿಬ್ಬಿಗೆ ತಿಂಗಳಿಗೊಮ್ಮೆ ಬರೀ ನೀರು. ಅದನ್ನು ಮನೆಯವರು ತೊಳೆಯುವುದು ಅನ್ನುತ್ತಾರೆ, ನಾನು ಅಭಿಷೇಕ ಅನ್ನುತ್ತೇನೆ.