ಹತ್ತು ಲಕ್ಷದ ಮೂರು

ಬಿಜಾಪುರ ಜಿಲ್ಲೆಯವರಾಗಿದ್ದ ನಾವು ಬಾಗಲಕೋಟೆಯವರಾಗಿ ಎರಡು ವರ್ಷವಾಗಿತ್ತು. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಓಡಾಡುತ್ತ ನಾನು ಬಿ.ಎಸ್ಸಿ. ಓದುತ್ತಿದ್ದೆ. ಒಂದು ದಿನ ಗಣಿತದ ಸರ್ ಹಲಗೆಯ ಮೇಲೆ 1000003 ಎಂದು ಬರೆದು, ಇದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದರು. ಹೇಗೆ ಗೊತ್ತು ಎಂದು ಕೇಳಿದೆ. ಪುಸ್ತಕದಲ್ಲಿದೆ, ಅಷ್ಟು ಸಂಶಯವಿದ್ದರೆ ನೀನೇ ಭಾಗಿಸಿ ನೋಡು ಎಂದರು. ಅವರು ಅಂದದ್ದು ತಮಾಷೆಗೆ. ನಾನು ನಿಜವೆಂದೇ ಹಿಡಿದೆ.

ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ. ಅವು ನಡೆಯುವಾಗ ಪಕ್ಕದವರ ಮಾತೂ ಕೇಳಿಸದು. ಕರೆಂಟು ಹೋದಾಗಲೇ ನನ್ನ ಚಿಕ್ಕಮ್ಮನಿಗೆ, ನಮ್ಮ ಮಾತಿನಲ್ಲಿ ಚಿಗವ್ವನಿಗೆ, ಪುರಸೊತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಗುಣಾಕಾರ ಭಾಗಾಕಾರ ಮರೆತಿರಲಿಲ್ಲ.

ಎರಡನೆಯ ದಿನ ಹದಿಮೂರರಿಂದ ಭಾಗಿಸಿದಾಗ ಏನೂ ಉಳಿಯಲಿಲ್ಲ. ಪುಸ್ತಕವೇ ತಪ್ಪು ಎಂದು ಕುಣಿದಾಡಿದೆ. ಚಿಗವ್ವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಸೊನ್ನಿ ಎಣಸು. ಐದು ಇರಬೇಕು, ನೀ ಆರು ಬರದಿ. ಇದು ಕೋಟಿ ಮೂರು ಆತು.”

ನಾಚಿಕೆಯಾಯಿತು. ತಿದ್ದಿ ಭಾಗಿಸಿದಾಗ ನಾಲ್ಕು ಉಳಿಯಿತು. ಅಂದಿನಿಂದ ನಾನು ಭಾಗಿಸುವುದು, ಅವಳು ಗುಣಿಸಿ ತಾಳೆ ನೋಡುವುದು ಎಂದಾಯಿತು.

ಸಾವಿರದೊಳಗಿನ ಅವಿಭಾಜ್ಯಗಳು ನೂರಾ ಅರವತ್ತೆಂಟು. ಅಷ್ಟರಿಂದ ಭಾಗಿಸಿದರೆ ಸಾಕು ಎಂದೆ. ಸಾವಿರಕ್ಕಿಂತ ದೊಡ್ಡದೊಂದು ಇದನ್ನು ಭಾಗಿಸಿಬಿಟ್ಟರೆ ಎಂದು ಚಿಗವ್ವ ಕೇಳಿದಳು. ಎರಡು ಸಂಖ್ಯೆ ಗುಣಿಸಿ ಇದು ಬರಬೇಕಾದರೆ ಒಂದಾದರೂ ಸಾವಿರದೊಳಗೇ ಇರಬೇಕು ಎಂದೆ. ನನ್ನ ಮಾತು ನಂಬದೆ, ಸಾವಿರದ ಒಂದನ್ನು ಸಾವಿರದ ಒಂದರಿಂದ ತಾನೇ ಗುಣಿಸಿದಳು. ಹತ್ತು ಲಕ್ಷದ ಎರಡು ಸಾವಿರದ ಒಂದು ಬಂತು.

“ಖರೆ, ದಾಟಿ ಹೋತು,” ಎಂದು ಒಪ್ಪಿದಳು.

ಮೂರು ವಾರ ಹಿಡಿಯಿತು. ಕೊನೆಯದು 997. ಸಾವಿರಕ್ಕೆ ಮೂರು ಕಡಿಮೆ, ಅಂದರೆ ಸಾವಿರವನ್ನು ಭಾಗಿಸಿದರೆ ಮೂರು ಉಳಿಯುತ್ತದೆ. ಹತ್ತು ಲಕ್ಷವೆಂದರೆ ಸಾವಿರ ಸಾವಿರ. ಹಾಗಾದರೆ ಮೂರನ್ನು ಮೂರರಿಂದ ಗುಣಿಸಿ ಒಂಬತ್ತು, ಮೇಲೆ ಮೂರು, ಉಳಿಯುವುದು ಹನ್ನೆರಡು. ಭಾಗಿಸದೆಯೇ ಉತ್ತರ ಹೊಳೆದಿತ್ತು, ಅದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಸರ್ ನನ್ನ ನೋಟ್‌ಬುಕ್ಕಿನಲ್ಲಿ ಸಿಕ್ಕಸಿಕ್ಕಲ್ಲಿ ಬೆರಳಿಟ್ಟು ಹಲಗೆಯ ಮೇಲೆ ತಾವೇ ಭಾಗಿಸಿದರು. ಹತ್ತು ನೋಡಿದರು, ಹತ್ತೂ ಸರಿ. ತಾವು ಬರೆಯುತ್ತಿದ್ದ ಖಡು ನನ್ನ ಕೈಗೆ ಕೊಟ್ಟು ಮೊದಲ ಬೆಂಚಿನಲ್ಲಿ ಹೋಗಿ ಕುಳಿತರು.

“ಇವತ್ತಿನ ತಾಸು ನಿಂದವ್ವಾ. ಹೇಳು, ಬರಕೋತೀವಿ.”

ಹೇಳಿ ಮುಗಿಸಿದ ಮೇಲೆ, ತಾಳೆ ನೋಡಿದ್ದು ಯಾರು ಎಂದು ಕೇಳಿದರು. ಚಿಗವ್ವ ಎಂದಾಗ, ಅವಳನ್ನೂ ಕರೆದುಕೊಂಡು ಬಾ ಎಂದರು.

ಮುಂದಿನ ವಾರ ಅವಳು ಇಳಕಲ್ ಸೀರೆಯುಟ್ಟು, ಜೀವನದಲ್ಲಿ ಮೊದಲ ಸಲ ಕಾಲೇಜಿನೊಳಗೆ ಕಾಲಿಟ್ಟಳು. ಇಡೀ ತರಗತಿಯ ಎದುರು 997ನ್ನು 1003ರಿಂದ ಗುಣಿಸಿ, ಬಂದ 999991ನ್ನು 1000003ರಲ್ಲಿ ಕಳೆದು, ಸರ್ ಕಡೆ ತಿರುಗಿದಳು.

“ಹನ್ನೆರಡು ಉಳೀತೈತ್ರಿ. ಭಾಗ ಆಗಂಗಿಲ್ಲ.”

ಸರ್ ಎದ್ದು ನಿಂತು ಕೈಮುಗಿದರು. ತರಗತಿಯೂ ಎದ್ದಿತು.

ಮರಳುವಾಗ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ತೇರದಾಳದ ಹೆಂಗಸಿಗೆ ಚಿಗವ್ವ ಇದನ್ನೆಲ್ಲ ಮೊದಲಿಂದ ವಿವರಿಸಿದಳು. ಬನಹಟ್ಟಿ ಬಂದಾಗ ಆ ಹೆಂಗಸು, ಇನ್ನೊಂದೀಟು ಹೇಳಿ ಇಳಿಯವ್ವಾ ಎಂದಳು.