ಕಿವಿಗಿಟ್ಟು ಅಲ್ಲಾಡಿಸಿದ ಲ್ಯಾಪ್‌ಟಾಪ್

“ಅಯ್ಯೋ ತಾತ, ಅಲ್ಲಾಡಿಸ್ಬೇಡ, ಕೆಳಗಿಡು!” ಎಂದು ಮೊಮ್ಮಗಳು ಚೈತ್ರ ಕಿರುಚಿದಾಗ ಅವಳ ಲ್ಯಾಪ್‌ಟಾಪ್ ನನ್ನ ಕಿವಿಯ ಹತ್ತಿರವಿತ್ತು. ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಬೇಕು, ಒಳಗೆ ಏನೋ ಸದ್ದು ಬರುತ್ತಿದೆ ಎಂದು ಅವಳೇ ಹೇಳಿದ್ದಳು. ಗುಬ್ಬಿಯ ನಮ್ಮ ಮನೆಯ ಅಟ್ಟದಲ್ಲಿ ಕಾಯಿ ಕೊಬ್ಬರಿಯಾಯಿತೇ ಎಂದು ಕಿವಿಗಿಟ್ಟು ಅಲ್ಲಾಡಿಸಿಯೇ ಅಲ್ಲವೇ ನಾವು ತಿಳಿಯುವುದು? ಇದನ್ನೂ ಹಾಗೇ ನೋಡಿಬಿಟ್ಟೆ.

ಅವಳು ಯಾವುದೋ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಮಾಡಿದಳು. ಪರದೆಯ ಮೇಲೆ ಕೆಂಪು ಬಣ್ಣ ಬಂತು. ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದಂತೆ. ನನಗೆ ಜೀವವೇ ಹೋದಂತಾಯಿತು.

“ನಿನ್ ಕಾಲೇಜ್ ಕೆಲ್ಸನೆಲ್ಲ ಹಾಳ್ ಮಾಡ್ಬುಟ್ನೇನವ್ವಾ?” ಅಂದೆ.

“ಅದು ಮೊದ್ಲೇ ಕೆಟ್ಟಿತ್ತು ಬಿಡು ತಾತ. ಕಾಲೇಜಿಂದು ಬೇರೆ ಕಡೆನೂ ಇದೆ. ನೀನು ಕಾಯಿ ಸುಲೀತಾ ಹಾಡಿದ್ದೆಲ್ಲ ಇದ್ರಲ್ಲಿ ಮಾತ್ರ ಇರೋದು,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನನ್ನ ಹಾಡನ್ನು ಅವಳು ಚಿಕ್ಕವಳಿದ್ದಾಗಿನಿಂದ ಫೋನಿನಲ್ಲಿ ಹಿಡಿದು ಇದರಲ್ಲಿ ಕೂಡಿಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಚೈತ್ರ ತನ್ನ ಮನೆಯ ಹತ್ತಿರದ ಶಿರಾ ಗೇಟ್‌ನ ಕಂಪ್ಯೂಟರ್ ಅಂಗಡಿಗೆ ಓಡಿಹೋಗಿ ಹೊಸ ಡಿಸ್ಕ್ ತಂದಳು. ಹಾಡುಗಳೆಲ್ಲ ಅದಕ್ಕೆ ಇಳಿಯುವವರೆಗೂ ನಾನು ಮೇಜನ್ನು ಮುಟ್ಟದೆ ದೂರ ಕುಳಿತೆ. ಕೊನೆಗೆ ಅವಳು ಒಂದು ಹಾಡು ಹಾಕಿದಳು. ನಡುವೆಯೇ, “ದೂರ ನಿಲ್ಲೇ, ಸಿಪ್ಪೆ ಸಿಡೀತದೆ!” ಎಂದು ಪುಟ್ಟ ಚೈತ್ರಳನ್ನು ಗದರುವ ನನ್ನ ದನಿ ಕೇಳಿತು. ಎಲ್ಲವೂ ಉಳಿದಿತ್ತು!

ಈಗ ಕಾಯಿ ಸುಲಿಯುವಾಗ ಬೇಕೆಂದೇ ಜೋರಾಗಿ ಹಾಡುತ್ತೇನೆ. ಕೇಳುವವಳು ಇದ್ದಾಳೆಂದು ಗೊತ್ತಾಯಿತಲ್ಲ!